ರಸ್ತೆಗೂ ಸಲ್ಲುವ ಐದನೆಯ ಆಜ್ಞೆ



ಕೆಲವು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಪ್ಪತ್ತೊಂದು ವರ್ಷದ ಯುವಕನೊಬ್ಬ ಹೊಸ ಮೋಟಾರ್ ಸೈಕಲ್ಲನ್ನು ಚರ್ಚಿನ ಅಂಗಳಕ್ಕೆ ತಂದು ನಿಲ್ಲಿಸಿದ. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಪಕ್ಕದಲ್ಲಿ ಅವನ ತಾಯಿ ಸೆರಗು ಹೊದ್ದು ನಿಂತಿದ್ದರು. "ಫಾದರ್, ಗಾಡಿಗಿ ಪ್ರಾರ್ಥನಾ ಮಾಡ್ರಿ" ಎಂದ. ನಾನು ಪ್ರಾರ್ಥಿಸಿ ಪವಿತ್ರ ಜಲವನ್ನು ಚಿಮುಕಿಸಿದೆ. ಹೆಲ್ಮೆಟ್ ಎಲ್ಲಿದೆ ಎಂದು ಮಾತ್ರ ಕೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅದೇ ಚರ್ಚಿನಲ್ಲಿ ಅವನ ಶವಸಂಸ್ಕಾರವನ್ನು ನಾನೇ ನೆರವೇರಿಸಿದೆ. ತಲೆಯ ಪೆಟ್ಟೊಂದನ್ನು ಬಿಟ್ಟರೆ ಅವನ ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಮಣ್ಣು ಕೊಟ್ಟು ಹಿಂದಿರುಗುವಾಗ ಆ ತಾಯಿ ನನ್ನನ್ನು ಕೇಳಿದರು: "ನೀವು ಪ್ರಾರ್ಥನಾ ಮಾಡಿದ್ರಲ್ರಿ ಫಾದರ್, ಹಂಗಾದ್ರ ಹಿಂಗ್ಯಾಕ ಆಯ್ತ್ರಿ?" ಅದರಲ್ಲಿ ಸಿಟ್ಟಿರಲಿಲ್ಲ. ಆದರೆ ಸೆಮಿನರಿಯಲ್ಲಿ ಓದಿದ ಯಾವ ತತ್ವಶಾಸ್ತ್ರವೂ ಆ ಹೊತ್ತಿಗೆ ನನ್ನ ನೆರವಿಗೆ ಬರಲಿಲ್ಲ. ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈ ಪಾಠದಲ್ಲಿ ಹುಡುಕಲು ಯತ್ನಿಸಿದ್ದೇನೆ.

ನಮ್ಮ ಮೂರು ಊರುಗಳು

ಆಳಂದ, ಅಫಜಲಪುರ, ಜೇವರ್ಗಿ - ಕಲಬುರಗಿ ಜಿಲ್ಲೆಯ ಈ ಮೂರೂ ದೊಡ್ಡ ಪಟ್ಟಣಗಳೇನಲ್ಲ. 2011ರ ಜನಗಣತಿಯಲ್ಲಿ ಆಳಂದದ ಜನಸಂಖ್ಯೆ ನಲವತ್ತು ಸಾವಿರದ ಮೇಲಿತ್ತು. ಉಳಿದೆರಡು ಊರುಗಳದು ಇಪ್ಪತ್ತೈದು ಸಾವಿರದ ಆಸುಪಾಸು. ಆದರೆ ಊರು ಚಿಕ್ಕದಾದ ಮಾತ್ರಕ್ಕೆ ಅದರ ರಸ್ತೆಯ ಹೊರೆ ಚಿಕ್ಕದಾಗುವುದಿಲ್ಲ.

ಜೇವರ್ಗಿಯನ್ನು ನೋಡಿರಿ. ಬೀದರ್, ಕಲಬುರಗಿ ಕಡೆಯಿಂದ ವಿಜಯಪುರದತ್ತ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾಯುತ್ತದೆ. ಶಹಾಪುರ, ಸುರಪುರ, ಲಿಂಗಸುಗೂರು ಮಾರ್ಗವಾಗಿ ಚಾಮರಾಜನಗರದವರೆಗೆ ಸಾಗುವ 150ಎ ಹೆದ್ದಾರಿ ಇಲ್ಲಿಂದಲೇ ಆರಂಭವಾಗುತ್ತದೆ. ದೂರದ ರಾಜ್ಯಗಳ ಲಾರಿ ಓಡಿಸುವವನಿಗೆ ಜೇವರ್ಗಿ ಎಂದರೆ ಹಾದುಹೋಗುವ ಒಂದು ತಿರುವು. ನಮ್ಮ ಮಕ್ಕಳಿಗಾದರೋ ಅದು ಶಾಲೆಗೆ ಹೋಗುವ ದಾರಿ.

ಅಫಜಲಪುರ ತಾಲ್ಲೂಕಿನಲ್ಲಿ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರವಿದೆ, ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಯಿದೆ. ಹುಣ್ಣಿಮೆ, ಅಮಾವಾಸ್ಯೆಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಕ್ರೂಸರ್ ಗಾಡಿಗಳಲ್ಲಿ ಜನ ಬರುತ್ತಾರೆ, ಹಲವರು ರಾತ್ರಿಯೆಲ್ಲಾ ಪ್ರಯಾಣಿಸುತ್ತಾರೆ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಕಲಬುರಗಿ-ಆಳಂದ ರಸ್ತೆಯಲ್ಲಿ ಕಡಗಂಚಿಯ ಬಳಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಬ್ಬು ನುರಿಸುವ ದಿನಗಳಲ್ಲಿ ಭೂಸನೂರು, ಹವಳಗಾ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಒಂದಕ್ಕೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ತೊಗರಿ, ಜೋಳದ ರಾಶಿಯ ಕಾಲಕ್ಕೆ ಡಾಂಬರು ರಸ್ತೆಯೇ ಕೆಲವೆಡೆ ಕಣವಾಗುತ್ತದೆ. ಇವೆಲ್ಲದರ ನಡುವೆ ಎತ್ತಿನ ಬಂಡಿ, ಟಂಟಂ, ದನಕರು, ತಲೆಯ ಮೇಲೆ ಹೊರೆ ಹೊತ್ತ ತಾಯಂದಿರು. ಒಂದೇ ರಸ್ತೆಯ ಮೇಲೆ ಗಂಟೆಗೆ 4 ಕಿ.ಮೀ. ನಡೆಯುವವರೂ 90 ಕಿ.ಮೀ. ಓಡಿಸುವವರೂ ಇದ್ದಾರೆ. ಅಪಾಯದ ಬೇರು ಇಲ್ಲಿದೆ.

ಎರಡು ಬೆಳಗಿನ ಜಾವಗಳು

2020ರ ಸೆಪ್ಟೆಂಬರ್ 27, ಭಾನುವಾರ. ಆಳಂದದ ಒಂದು ಕುಟುಂಬ ತುಂಬು ಗರ್ಭಿಣಿಯೊಬ್ಬರನ್ನು ಹೆರಿಗೆಗಾಗಿ ಕಾರಿನಲ್ಲಿ ಕಲಬುರಗಿಗೆ ಕರೆದೊಯ್ಯುತ್ತಿತ್ತು. ಸಾವಳಗಿ ಬಳಿ, ನಿಂತಿದ್ದ ಲಾರಿಗೆ ಕಾರು ಹಿಂದಿನಿಂದ ಅಪ್ಪಳಿಸಿತು. ಗರ್ಭಿಣಿಯೂ ಸೇರಿ ಏಳು ಮಂದಿ ತೀರಿಕೊಂಡರು. ಹುಟ್ಟಬೇಕಾಗಿದ್ದ ಆ ಕೂಸನ್ನೂ ಎಣಿಸಿದರೆ ಎಂಟು ಜೀವಗಳು.

2025ರ ಏಪ್ರಿಲ್ 5. ಬಾಗಲಕೋಟೆಯಿಂದ ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರ ವ್ಯಾನು ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ಬಂದಾಗ, ಅಲ್ಲಿಯೂ ನಿಂತಿದ್ದ ಲಾರಿಗೆ ಗುದ್ದಿತು. ಐದು ಮಂದಿ ಮೃತರಾದರು. ಇನ್ನೂ ಹಲವರು ಗಾಯಗೊಂಡರು.

ಅದೇ ವರ್ಷದ ನವೆಂಬರ್ 25ರಂದು ಹಿರಿಯ ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಅವರು ಮದುವೆಗೆಂದು ಕಲಬುರಗಿಗೆ ಬರುವಾಗ ಜೇವರ್ಗಿ ತಾಲ್ಲೂಕಿನಲ್ಲಿಯೇ ಕಾರು ಉರುಳಿ ನಿಧನರಾದರು. ಬಡವ-ಬಲ್ಲಿದ, ಹಿಂದೂ-ಮುಸಲ್ಮಾನ-ಕ್ರೈಸ್ತ ಎಂಬ ಭೇದವನ್ನು ಈ ಮರಣವು ಮಾಡುವುದಿಲ್ಲ.

ಮೊದಲ ಎರಡು ಘಟನೆಗಳನ್ನು ಮತ್ತೊಮ್ಮೆ ಗಮನಿಸಿರಿ. ಎರಡರಲ್ಲಿಯೂ ಡಿಕ್ಕಿಯಾದದ್ದು ಓಡುವ ವಾಹನಕ್ಕಲ್ಲ, ನಿಂತ ಲಾರಿಗೆ. ನಾವು ಸಾಮಾನ್ಯವಾಗಿ ಅಪಾಯ ಎಂದರೆ ಓಡುವುದನ್ನು ನೆನೆಯುತ್ತೇವೆ. ಆದರೆ ಕತ್ತಲೆಯಲ್ಲಿ ರಸ್ತೆಯ ಅಂಚಿಗೆ ನಿಂತ ಲಾರಿ, ಟ್ರಾಲಿ, ಕೆಟ್ಟ ಟ್ರ್ಯಾಕ್ಟರ್ ಇವೂ ಅಷ್ಟೇ ಅಪಾಯಕಾರಿ.

ಒಂದು ಚಿಕ್ಕ ಲೆಕ್ಕ

ಧರ್ಮೋಪದೇಶದ ತರಗತಿಯ ಮಕ್ಕಳಿಗೆ ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ತಂದೆತಾಯಿಗಳೂ ಮನೆಯಲ್ಲಿ ಮಾಡಿ ನೋಡಬಹುದು.

ಎದುರಿಗೆ ಏನೋ ಕಂಡಿತು ಎಂದು ಕಣ್ಣು ಮನಸ್ಸಿಗೆ ತಿಳಿಸಿ, ಮನಸ್ಸು ಕಾಲಿಗೆ ಹೇಳಿ, ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದರಿಂದ ಒಂದೂವರೆ ಸೆಕೆಂಡು ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಹಾಗಾದರೆ ಬ್ರೇಕ್ ಹಿಡಿಯುವ ಮೊದಲೇ 33 ಮೀಟರ್ ಹೋಯಿತು. ಹಿಡಿದ ಮೇಲೆ, ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ, ನಿಲ್ಲಲು ಇನ್ನೂ ಸುಮಾರು 36 ಮೀಟರ್ ಬೇಕು. ಒಟ್ಟು ಸುಮಾರು 70 ಮೀಟರ್.

ಡಿಮ್ ಲೈಟಿನಲ್ಲಿ, ಹಿಂದೆ ದೀಪವಿಲ್ಲದ ಲಾರಿ ಕಣ್ಣಿಗೆ ಬೀಳುವುದು ಸುಮಾರು 40-50 ಮೀಟರ್ ಹತ್ತಿರ ಬಂದಾಗ. ಆಗ 80ರ ವೇಗದಲ್ಲಿರುವವನು ಎಷ್ಟೇ ಜಾಣ ಡ್ರೈವರ್ ಆಗಿದ್ದರೂ ನಿಲ್ಲಿಸಲಾರನು. 60ರ ವೇಗದಲ್ಲಿದ್ದರೆ ಒಟ್ಟು 45 ಮೀಟರ್ ಬೇಕು, ಉಳಿದರೂ ಉಳಿದಾನು. 50ರಲ್ಲಿದ್ದರೆ 35 ಮೀಟರ್ ಸಾಕು. ಲಾರಿಯ ಹಿಂದೆ ನಿಂತು ಬೈದುಕೊಳ್ಳಬಹುದು, ಆದರೆ ಬದುಕಿರುತ್ತಾನೆ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಇದು ದೇವರು ಸೃಷ್ಟಿಗೆ ಇಟ್ಟ ನಿಯಮ. ಇದಕ್ಕೆ ಶಿಫಾರಸು ನಡೆಯುವುದಿಲ್ಲ.

ಈ ಲೆಕ್ಕ ಲಾರಿ ನಿಲ್ಲಿಸಿದವನಿಗೂ ಒಂದು ಮಾತನ್ನು ಹೇಳುತ್ತದೆ. ಹಿಂದೆ 50 ಹೆಜ್ಜೆ ನಡೆದುಹೋಗಿ ಮಿನುಗುವ ತ್ರಿಕೋನವನ್ನು ಇಟ್ಟಿದ್ದರೆ, ಟ್ರಾಲಿಯ ಹಿಂದೆ ಹೊಳೆಯುವ ಪಟ್ಟಿಯನ್ನು ಅಂಟಿಸಿದ್ದರೆ, ಬರುವವನಿಗೆ ಆ ದೂರ ಸಿಗುತ್ತಿತ್ತು. ಅಂಥ ಪಟ್ಟಿಯ ಖರ್ಚು ಮನೆಯ ಹಬ್ಬದ ಹೂವಿನ ಖರ್ಚಿಗಿಂತ ಹೆಚ್ಚೇನಲ್ಲ. ಅದನ್ನು ಅಂಟಿಸದೆ ಬಿಡುವುದಕ್ಕೆ ನಾವು ಕೊಡುವ ಹೆಸರು 'ಸಣ್ಣ ಮರೆವು'. ಧರ್ಮಶಾಸ್ತ್ರ ಅದನ್ನು ಏನೆನ್ನುತ್ತದೆ ನೋಡೋಣ.

ಆಕಸ್ಮಿಕವೋ, ಅಪರಾಧವೋ?

'ಆಕ್ಸಿಡೆಂಟ್' ಎಂಬ ಮಾತಿನಲ್ಲಿಯೇ ಒಂದು ತಪ್ಪಿಸಿಕೊಳ್ಳುವಿಕೆ ಇದೆ. ಯಾರೂ ಬಯಸಿ ಮಾಡಿದ್ದಲ್ಲ, ಆದ್ದರಿಂದ ಯಾರ ತಪ್ಪೂ ಅಲ್ಲ ಎಂದು ನಾವು ತರ್ಕಿಸುತ್ತೇವೆ. ಪವಿತ್ರ ಗ್ರಂಥ ಈ ತರ್ಕವನ್ನು ಒಪ್ಪುವುದಿಲ್ಲ.

ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಪ್ರಸಂಗವಿದೆ. ಎತ್ತು ಹಠಾತ್ತಾಗಿ ಯಾರನ್ನೋ ಹಾಯ್ದು ಕೊಂದರೆ ಒಡೆಯನು ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಮೊದಲೇ ಗೊತ್ತಿದ್ದು, ಎಚ್ಚರಿಕೆ ಕೊಟ್ಟಿದ್ದರೂ ಕಟ್ಟಿಹಾಕದೆ ಬಿಟ್ಟಿದ್ದರೆ ಒಡೆಯನು ಆ ಮರಣಕ್ಕೆ ಹೊಣೆ. ಬ್ರೇಕ್ ಹಿಡಿಯುವುದಿಲ್ಲವೆಂದು ಗೊತ್ತಿದ್ದೂ ಟಂಟಂ ಓಡಿಸುವವನು, ನಿದ್ದೆಗೆಟ್ಟ ಡ್ರೈವರನನ್ನು ಮತ್ತೊಂದು ಟ್ರಿಪ್ಪಿಗೆ ಕಳಿಸುವ ಮಾಲೀಕನು ಈ ಎತ್ತಿನ ಒಡೆಯನಿಗಿಂತ ಬೇರೆಯೇ?

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕೈಗೋಡೆ ಕಟ್ಟಬೇಕು. ಇಲ್ಲದಿದ್ದರೆ ಮೇಲಿಂದ ಬಿದ್ದು ಸತ್ತವನ ರಕ್ತದ ದೋಷ ಆ ಮನೆಗೆ ತಟ್ಟುತ್ತದೆ. ಮಾಳಿಗೆಯ ಮೇಲೆ ಮಲಗುವ ನಮ್ಮ ಬಿಸಿಲ ನಾಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರೂ ಯಾರನ್ನೂ ತಳ್ಳಲಿಲ್ಲ. ಆದರೂ ಹೊಣೆ ಇದೆ, ಏಕೆಂದರೆ ಮಾಡಬೇಕಾದ ಜಾಗ್ರತೆಯನ್ನು ಮಾಡಲಿಲ್ಲ.

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ 'ಸುಮ್ಮಾ'ದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ: ಅಕಸ್ಮಾತ್ತಾಗಿ ಒಬ್ಬನ ಸಾವಿಗೆ ಕಾರಣನಾದವನು ಕೊಲೆಯ ಪಾಪಕ್ಕೆ ಗುರಿಯಾಗುವನೇ? ಎರಡು ಸಂದರ್ಭಗಳಲ್ಲಿ ಹೌದು ಎಂಬುದು ಅವರ ನಿರ್ಣಯ. ಮಾಡಬಾರದ ಕೆಲಸವನ್ನು ಮಾಡುತ್ತಿದ್ದಾಗ ಸಾವು ಸಂಭವಿಸಿದರೆ. ಮಾಡತಕ್ಕ ಕೆಲಸವನ್ನೇ ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ್ದರೆ. ಅವರಿಗಿಂತ ಬಹು ಹಿಂದೆ ಅರಿಸ್ಟಾಟಲನು ಕುಡಿದು ತಪ್ಪು ಮಾಡಿದವನಿಗೆ ಇಮ್ಮಡಿ ದಂಡ ವಿಧಿಸುವ ಕಾನೂನನ್ನು ಉಲ್ಲೇಖಿಸಿದ್ದನು. ಕುಡಿಯದಿರುವುದು ಅವನ ಕೈಯಲ್ಲೇ ಇತ್ತು ಎಂಬುದು ಅದರ ನ್ಯಾಯ.

ಆಧುನಿಕ ಧರ್ಮಸಭೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ವೇಗದ ಮಿತಿಯನ್ನು ಹಗುರವಾಗಿ ಕಾಣುವವರನ್ನು ಎಚ್ಚರಿಸಿತು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಕುಡಿತದಿಂದಾಗಲಿ ವೇಗದ ಮೋಹದಿಂದಾಗಲಿ ರಸ್ತೆಯಲ್ಲಿ ತನ್ನ ಹಾಗೂ ಪರರ ಜೀವವನ್ನು ಅಪಾಯಕ್ಕೆ ಒಡ್ಡುವುದು ಗುರುತರ ಅಪರಾಧವೆಂದು ಐದನೆಯ ಆಜ್ಞೆಯ ವಿವರಣೆಯಲ್ಲೇ ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಒಂದು ಇಲಾಖೆ ವಾಹನ ಓಡಿಸುವವರಿಗಾಗಿ ಹತ್ತು ಆಜ್ಞೆಗಳನ್ನೇ ಪ್ರಕಟಿಸಿತು. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಸುಳ್ಳು, ಸಿಟ್ಟು, ಪ್ರಾರ್ಥನೆಯ ಆಲಸ್ಯ ನೆನಪಿಗೆ ಬರುತ್ತವೆ. ಶನಿವಾರ ರಾತ್ರಿ ಕುಡಿದು ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸಿದ್ದು ನೆನಪಿಗೆ ಬರುತ್ತದೆಯೇ?

"ಹಣ್ಯಾಗ ಬರದಿತ್ತು"

ಸಾವಿನ ಮನೆಗೆ ಹೋದಾಗಲೆಲ್ಲಾ ಈ ಮಾತು ಕೇಳಿಬರುತ್ತದೆ. "ಹಣ್ಯಾಗ ಬರದದ್ದು ಯಾರಿಗಿ ತಪ್ಪತದ್ರಿ ಫಾದರ್? ಅವನ ಟೈಮ್ ಬಂದಿತ್ತು, ಹೋದ." ಸಂತೈಸುವುದಕ್ಕಾಗಿ ಆಡುವ ಈ ಮಾತನ್ನು ಆ ಹೊತ್ತಿನಲ್ಲಿ ಯಾರೂ ಖಂಡಿಸಬಾರದು. ಆದರೆ ಮಣ್ಣು ಮಾಡಿ ಬಂದ ಮೇಲೂ ಇದೇ ಮಾತನ್ನು ಹಿಡಿದುಕೊಂಡು ಕುಳಿತರೆ ಅದು ಮುಂದಿನ ಸಾವಿಗೆ ದಾರಿ ಮಾಡಿಕೊಡುತ್ತದೆ.

ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಗೋಪುರಕ್ಕೆ ಕರೆದೊಯ್ದು, ಕೆಳಕ್ಕೆ ಧುಮುಕು, ದೇವದೂತರು ಎತ್ತಿಹಿಡಿಯುತ್ತಾರೆ ಎಂದು ಪ್ರೇರೇಪಿಸಿದ ಪ್ರಸಂಗ ನಮಗೆ ಗೊತ್ತಿದೆ. ಸ್ವಾಮಿಗೆ ತಂದೆಯ ಮೇಲೆ ನಂಬಿಕೆ ಇರಲಿಲ್ಲವೇ? ಇತ್ತು. ಆದರೂ ಅವರು ಧುಮುಕಲಿಲ್ಲ. ದೇವರನ್ನು ನಂಬುವುದು ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ. ಕನ್ನಡಿಗೆ ಜಪಸರ ತೂಗುಹಾಕಿ, ಸಂತ ಕ್ರಿಸ್ಟೋಫರರ ಪದಕ ಅಂಟಿಸಿ, ತಲೆಗೆ ಹೆಲ್ಮೆಟ್ ಇಲ್ಲದೆ ಮೂವರು ಕುಳಿತು ಹೋಗುವುದು ಗೋಪುರದಿಂದ ಧುಮುಕುವ ಜಾತಿಗೇ ಸೇರಿದ್ದು.

ಇನ್ನೊಂದು ತಪ್ಪನ್ನೂ ನಾವು ಮಾಡಬಾರದು. ಸತ್ತವರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗುಸುಗುಸು ಮಾತಾಡುವವರಿದ್ದಾರೆ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಯೇಸುಸ್ವಾಮಿ ಸ್ಪಷ್ಟವಾಗಿ ನಿರಾಕರಿಸಿದರೆಂದು ಸಂತ ಲೂಕರು ಬರೆದಿದ್ದಾರೆ. ಸತ್ತವರ ಬಗ್ಗೆ ತೀರ್ಪು ಹೇಳುವುದನ್ನು ಬಿಟ್ಟು, ಬದುಕಿರುವ ನಾವು ತಿದ್ದಿಕೊಳ್ಳಬೇಕೆಂಬುದೇ ಅಲ್ಲಿನ ಬೋಧನೆ.

ತಂದೆತಾಯಿಗಳಿಗೆ ಎರಡು ಮಾತು

"ಹುಡುಗ ಭಾಳ ಶಾಣ್ಯಾ ಹಾನ್ರಿ ಫಾದರ್, ಒಂಬತ್ತನೇ ಇದ್ದಾಗಿಂದ ಗಾಡಿ ಹೊಡೀತಾನ" ಎಂದು ಒಬ್ಬ ತಂದೆ ನನಗೆ ಹೆಮ್ಮೆಯಿಂದ ಹೇಳಿದರು. ಹಾಲು ತರಲು, ಟ್ಯೂಷನ್‌ಗೆ ಹೋಗಲು, ಹೊಲಕ್ಕೆ ಬುತ್ತಿ ಒಯ್ಯಲು ಮಗನಿಗೆ ಗಾಡಿಯ ಕೀಲಿ ಕೊಡುವುದು ನಮ್ಮ ಊರುಗಳಲ್ಲಿ ಮಾಮೂಲು.

ಕಾನೂನು ಏನು ಹೇಳುತ್ತದೆ? 18 ತುಂಬದವರು ಗೇರಿನ ಗಾಡಿ ಓಡಿಸುವಂತಿಲ್ಲ. 16 ತುಂಬಿದವರು ಲೈಸೆನ್ಸ್ ಪಡೆದು 50 ಸಿ.ಸಿ.ವರೆಗಿನ ಗೇರಿಲ್ಲದ ಗಾಡಿಯನ್ನು ಮಾತ್ರ ಓಡಿಸಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಆದರೆ ದಂಡದ ಭಯ ನನ್ನ ಮುಖ್ಯ ವಾದವಲ್ಲ. ಹದಿನೈದರ ಹುಡುಗನಿಗೆ ಹ್ಯಾಂಡಲ್ ಹಿಡಿಯುವ ಶಕ್ತಿ ಬಂದಿರುತ್ತದೆ. ಅಪಾಯವನ್ನು ತೂಗುವ ವಿವೇಕ ಬಂದಿರುವುದಿಲ್ಲ. ಆ ವಿವೇಕವನ್ನು ಅವನ ಬದಲು ನಾವು ತೋರಿಸಬೇಕೆಂದೇ ದೇವರು ನಮ್ಮನ್ನು ಹಿರಿಯರನ್ನಾಗಿ ಮಾಡಿರುವುದು.

ಹೆಲ್ಮೆಟ್ ವಿಷಯ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ದ್ವಿಚಕ್ರ ವಾಹನದವರು 74,897. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅಂದರೆ ಮೂವರಲ್ಲಿ ಇಬ್ಬರು. ಹಿಂದೆ ಕುಳಿತು ಸತ್ತವರೇ ಇವರಲ್ಲಿ 14,000ಕ್ಕೂ ಹೆಚ್ಚು. ಗಂಡ ಹೆಲ್ಮೆಟ್ ಹಾಕಿಕೊಂಡು, ಹೆಂಡತಿ ಬರಿದಲೆಯಲ್ಲಿ ಕೂಸನ್ನು ಎತ್ತಿಕೊಂಡು ಕುಳಿತ ದೃಶ್ಯವನ್ನು ದಿನವೂ ಕಾಣುತ್ತೇವೆ. ಒಬ್ಬರ ತಲೆಗೆ ಮಾತ್ರ ಬೆಲೆಯೇ? ಐಎಸ್ಐ ಗುರುತಿನ ಹೆಲ್ಮೆಟ್ ಕೊಳ್ಳಿರಿ, ಗದ್ದದ ಪಟ್ಟಿಯನ್ನು ಬಿಗಿಯಿರಿ. ಪಟ್ಟಿ ಕಟ್ಟದ ಹೆಲ್ಮೆಟ್ ತಲೆಗಿಂತ ಮೊದಲೇ ನೆಲಕ್ಕೆ ಬೀಳುತ್ತದೆ. "ಇಲ್ಲೇ ಊರಾಗ ಅಡ್ಡಾಡ್ಲಿಕ್ಕಿ ಯಾಕ್ರಿ?" ಎನ್ನುವವರಿಗೆ ಒಂದೇ ಉತ್ತರ: ಊರಿನ ಡಾಂಬರು ಹೆದ್ದಾರಿಯ ಡಾಂಬರಿಗಿಂತ ಮೆತ್ತಗಿಲ್ಲ.

ಮದುವೆ, ಜಾತ್ರೆ, ಕೂಲಿ ಕೆಲಸಕ್ಕೆ ಸರಕು ಸಾಗಿಸುವ ಟೆಂಪೋ, ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಜನರನ್ನು ತುಂಬಿಕೊಂಡು ಹೋಗುವ ರೂಢಿಯನ್ನೂ ಬಿಡಬೇಕು. ಹಾಗೆ ಹೋದವರಿಗೆ ವಿಮೆಯ ಪರಿಹಾರ ಸಿಗುವುದೂ ಕಷ್ಟ. ಸರ್ಕಾರಿ ಬಸ್ಸು ತಡವಾದೀತು; ಆದರೆ ತಡವಾಗಿಯಾದರೂ ಮನೆ ಮುಟ್ಟಿಸುತ್ತದೆ. ರಾತ್ರಿ ಪ್ರಯಾಣ ಅನಿವಾರ್ಯವಾದರೆ ಎರಡರಿಂದ ಐದು ಗಂಟೆಯ ನಡುವೆ ಡ್ರೈವರನನ್ನು ಮಲಗಲು ಬಿಡಿ. ದೇವರ ದರ್ಶನಕ್ಕೆ ಎರಡು ತಾಸು ತಡವಾದರೆ ದೇವರು ಕೋಪಿಸಿಕೊಳ್ಳುವುದಿಲ್ಲ.

ಜೆರಿಕೋ ದಾರಿ ಇಂದು ಎಲ್ಲಿದೆ?

ಪರೋಪಕಾರಿ ಸಮಾರಿಯದವನ ಸಾಮತಿ ನಡೆಯುವುದೂ ಒಂದು ರಸ್ತೆಯ ಮೇಲೆಯೇ. ಯಾಜಕನು ನೋಡಿ ಪಕ್ಕಕ್ಕೆ ಸರಿದು ಹೋದ. ಲೇವಿಯನೂ ಹಾಗೆಯೇ ಹೋದ. ಅವರಿಗೂ ಏನೋ ಕಾರಣಗಳಿದ್ದಿರಬೇಕು. ನಮ್ಮ ಕಾರಣವಾದರೋ ಎಲ್ಲರಿಗೂ ಗೊತ್ತಿರುವಂಥದು: "ಪೊಲೀಸ್ ಸ್ಟೇಷನ್, ಕೋರ್ಟು ಅಂತ ಯಾರು ತಿರುಗಬೇಕ್ರಿ?" ಹೀಗಾಗಿ ಬಿದ್ದವನ ಸುತ್ತ ಜನ ನಿಲ್ಲುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಮುಟ್ಟುವುದಿಲ್ಲ.

ಈ ಭಯಕ್ಕೆ ಈಗ ಕಾರಣವಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವು ಇದಕ್ಕಾಗಿ ತನ್ನದೇ ಕಾಯ್ದೆಯನ್ನು ಮಾಡಿತು. 2019ರ ತಿದ್ದುಪಡಿಯಲ್ಲಿ ಇದು ಇಡೀ ದೇಶದ ಕಾನೂನಾಯಿತು; ಅಲ್ಲಿ ಬಳಸಿರುವ ಹೆಸರೇ 'ಗುಡ್ ಸಮಾರಿಟನ್'. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಹೆಸರು, ವಿಳಾಸ ಹೇಳೆಂದು ಒತ್ತಾಯಿಸುವಂತಿಲ್ಲ, ತಡೆದು ಕೂರಿಸುವಂತಿಲ್ಲ, ಆಸ್ಪತ್ರೆಯ ಖರ್ಚು ಕೊಡೆಂದು ಕೇಳುವಂತಿಲ್ಲ.

ಸಮಾರಿಯದವನು ಛತ್ರದವನಿಗೆ ಎರಡು ನಾಣ್ಯಗಳನ್ನು ಕೊಟ್ಟುಹೋದ. ಇಂದು ಆ ನಾಣ್ಯಗಳ ಭಾರವನ್ನೂ ಸರ್ಕಾರ ಹೊರಲು ಮುಂದಾಗಿದೆ. 2025ರ ಮೇ 5ರಂದು ಪ್ರಕಟವಾದ ಕೇಂದ್ರದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಇದನ್ನು ನೆನಪಿಡಿ, ಆಸ್ಪತ್ರೆಯಲ್ಲಿ ಕೇಳಿರಿ.

ಅಪಘಾತ ಕಂಡರೆ ಮಾಡಬೇಕಾದದ್ದು ಇಷ್ಟು. ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ನಿಲ್ಲಿಸಲು ಒಬ್ಬರನ್ನು ಕಳಿಸಿರಿ. 108 ಅಥವಾ 112ಕ್ಕೆ ಕರೆ ಮಾಡಿ ಸ್ಥಳವನ್ನು ಸರಿಯಾಗಿ ಹೇಳಿರಿ. ರಕ್ತ ಸೋರುವ ಕಡೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ. ಎತ್ತಲೇಬೇಕಾದರೆ ಕುತ್ತಿಗೆ, ಬೆನ್ನು ಬಾಗದಂತೆ ನಾಲ್ಕು ಜನ ಕೂಡಿ ಎತ್ತಿರಿ.

ಊರು ಮಾಡಬಹುದಾದದ್ದು

ಮನುಷ್ಯನು ತಪ್ಪು ಮಾಡುವ ಜೀವಿ. ಇದು ನಮ್ಮ ಧರ್ಮದ ಮೂಲ ಬೋಧನೆಗಳಲ್ಲೊಂದು. ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಈ ಸತ್ಯವನ್ನೇ ರಸ್ತೆಯ ನೀತಿಯಾಗಿ ಒಪ್ಪಿಕೊಂಡಿತು. ಜನ ತಪ್ಪುತ್ತಾರೆ, ಆ ತಪ್ಪಿಗೆ ಮರಣವೇ ಬೆಲೆಯಾಗದಂತೆ ರಸ್ತೆಯನ್ನು ಕಟ್ಟಬೇಕೆಂದು ಅದು ನಿರ್ಧರಿಸಿತು. ಆ ವರ್ಷ ಅಲ್ಲಿ ರಸ್ತೆಯಲ್ಲಿ ಸತ್ತವರು 541. ಇತ್ತೀಚಿನ ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 220ರ ಆಸುಪಾಸಿಗೆ ಇಳಿದಿದೆ. ಬರೀ ಉಪದೇಶದಿಂದ ಇದು ಆಗಲಿಲ್ಲ. ಮಧ್ಯೆ ತಡೆಗಂಬಿ, ಊರೊಳಗೆ ಕಡಿಮೆ ವೇಗ, ದಾಟುವ ಕಡೆ ಉಬ್ಬು, ದೀಪ - ಇವು ಆಗಮಾಡಿದವು.

ನಮ್ಮ ಊರುಗಳಲ್ಲಿಯೂ ದುಬಾರಿಯಲ್ಲದ ಕೆಲಸಗಳಿವೆ. ಶಾಲೆಯ ಮುಂದೆ ಸರಿಯಾದ ವೇಗತಡೆ ಬೇಕು. ಜನರೇ ಸಿಟ್ಟಿನಿಂದ ರಾತ್ರೋರಾತ್ರಿ ಹಾಕುವ ಮಣ್ಣಿನ ದಿಬ್ಬವಲ್ಲ. ಅಂಥವೇ ಬೈಕಿನವರನ್ನು ಕೆಡವುತ್ತವೆ. ರಸ್ತೆ ಎಂಜಿನಿಯರುಗಳ ಮಾನದಂಡದಂತೆ ವೇಗತಡೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು, ಬಿಳಿ ಪಟ್ಟೆ ಮತ್ತು ಮುಂಚೆಯೇ ಎಚ್ಚರಿಕೆಯ ಫಲಕ ಇರಬೇಕು. ಬಸ್ ನಿಲ್ದಾಣದ ಸುತ್ತ ಜನ ನಡೆಯಲು ಜಾಗ, ಕ್ರಾಸುಗಳಲ್ಲಿ ದೀಪ, ತಿರುವಿನಲ್ಲಿ ಜಾಲಿ ಗಿಡಗಳ ಸವರುವಿಕೆ, ಲಾರಿಗಳಿಗೆ ರಸ್ತೆಯಿಂದ ಆಚೆ ನಿಲ್ಲಲು ಜಾಗ - ಇವನ್ನು ಪುರಸಭೆ, ಲೋಕೋಪಯೋಗಿ ಇಲಾಖೆ, ಹೆದ್ದಾರಿಯವರಲ್ಲಿ ಬರವಣಿಗೆಯಲ್ಲಿ ಕೇಳಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಅರ್ಜಿಯ ಒಂದು ಪ್ರತಿ ಅಲ್ಲಿಗೂ ಹೋಗಲಿ.

ರೈತ ಬಂಧುಗಳೇ, ರಾಶಿಗೆ ರಸ್ತೆ ಅನುಕೂಲವೆಂಬುದು ನನಗೆ ಗೊತ್ತು. ಆದರೆ ತೊಗರಿ ಕಟ್ಟಿಗೆಯ ಮೇಲೆ ಜಾರಿ ಬೀಳುವ ಬೈಕಿನವನೂ ಒಬ್ಬ ರೈತನ ಮಗನೇ. ಬಂಡಿ, ಟ್ರಾಲಿಗಳ ಹಿಂದೆ ಹೊಳೆಯುವ ಪಟ್ಟಿ ಅಂಟಿಸುವ ಕೆಲಸವನ್ನು ನಮ್ಮ ಯುವಜನರು ಒಂದು ಭಾನುವಾರ ಕೈಗೆತ್ತಿಕೊಳ್ಳಲಿ. ನಾವು ಇಲ್ಲಿ ಬೆರಳೆಣಿಕೆಯ ಕುಟುಂಬಗಳು. ಆದರೂ ಪಟ್ಟಿ ಅಂಟಿಸಲು ಬಹುಮತ ಬೇಕಾಗಿಲ್ಲ. ನೆರೆಯ ಮಠದವರನ್ನೂ ಮಸೀದಿಯವರನ್ನೂ ಕರೆಯಿರಿ, ಅವರೂ ಬರುತ್ತಾರೆ. ಪ್ರತಿ ವರ್ಷ ನವೆಂಬರ್ ತಿಂಗಳ ಮೂರನೆಯ ಭಾನುವಾರ ಜಗತ್ತು ರಸ್ತೆಯಲ್ಲಿ ಮಡಿದವರನ್ನು ಸ್ಮರಿಸುತ್ತದೆ. 2005ರಲ್ಲಿ ವಿಶ್ವಸಂಸ್ಥೆ ಇದನ್ನು ಅಂಗೀಕರಿಸಿತು. ಸಕಲ ಮೃತರಿಗಾಗಿ ನಾವು ಪ್ರಾರ್ಥಿಸುವ ತಿಂಗಳೂ ಅದೇ.

ಆ ತಾಯಿಗೆ ಉತ್ತರ

ಅವ್ವಾ, ದೇವರು ನಿಮ್ಮ ಮಗನನ್ನು ಕೈಬಿಡಲಿಲ್ಲ. ದೇವರು ಸಾಮಾನ್ಯವಾಗಿ ಮನುಷ್ಯರ ಕೈಯಿಂದಲೇ ಕಾಪಾಡುತ್ತಾರೆ. ಅಂದು ಅಂಗಳದಲ್ಲಿ ಅವರು ನನ್ನ ಬಾಯಿಯಿಂದ ಒಂದು ಮಾತನ್ನು ಆಡಿಸಬೇಕೆಂದಿದ್ದರು. ನಾನು ಆಡಲಿಲ್ಲ. ನನ್ನ ಪ್ರಾರ್ಥನೆ ಸುಳ್ಳಾಗಿರಲಿಲ್ಲ, ಅರ್ಧವಾಗಿತ್ತು. ಅದಕ್ಕಾಗಿ ನಾನು ದೇವರ ಕ್ಷಮೆ ಬೇಡಿದ್ದೇನೆ. ನಿಮ್ಮ ಕ್ಷಮೆಯನ್ನೂ ಬೇಡುತ್ತೇನೆ.

ಅಂದಿನಿಂದ ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ಗಾಡಿಗೆ ಆಶೀರ್ವಾದ ಬೇಡಿ ಬಂದವರು ಲೈಸೆನ್ಸನ್ನೂ ಎರಡು ಹೆಲ್ಮೆಟ್ಟುಗಳನ್ನೂ ತರಬೇಕು. ಪವಿತ್ರ ಜಲ ಮೊದಲು ಹೆಲ್ಮೆಟ್ಟಿನ ಮೇಲೆ, ಆಮೇಲೆ ಗಾಡಿಯ ಮೇಲೆ. ಕೆಲವರು ನಕ್ಕರು, ಒಬ್ಬಿಬ್ಬರು ಮುನಿಸಿಕೊಂಡು ಹೋದರು, ಒಂದು ವಾರದ ಮೇಲೆ ಹೆಲ್ಮೆಟ್ ಹಿಡಿದುಕೊಂಡು ಮರಳಿ ಬಂದರು.

ಮನೆಯಲ್ಲಿ ಕೂಡಿ ಚಿಂತಿಸಲು

1. ನಮ್ಮ ಮನೆಯ ಗಾಡಿಯ ಬ್ರೇಕ್, ಹಿಂದಿನ ದೀಪ, ಟೈರುಗಳನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ?

2. ಮನೆಯಲ್ಲಿ ಗಾಡಿಯ ಮೇಲೆ ಕೂರುವವರು ಎಷ್ಟು ಮಂದಿ? ಹೆಲ್ಮೆಟ್ಟುಗಳು ಎಷ್ಟಿವೆ?

3. ಲೈಸೆನ್ಸ್ ಇಲ್ಲದ ಮಗನಿಗೆ, ಮಗಳಿಗೆ ಕೀಲಿ ಕೊಡುತ್ತಿದ್ದೇವೆಯೇ? ಏಕೆ?

4. ಕುಡಿದವರು ಕೀಲಿ ಕೇಳಿದಾಗ ಕೊಡೆನೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

5. ನಮ್ಮ ಓಣಿಯಿಂದ ಶಾಲೆಯವರೆಗೆ ಮಕ್ಕಳೊಡನೆ ಒಮ್ಮೆ ನಡೆದುಹೋಗಿ. ಎಲ್ಲಿ ಭಯವಾಯಿತೋ ಆ ಜಾಗವನ್ನು ಬರೆದಿಡಿ. ಆ ಚೀಟಿಯನ್ನು ಮುಂದಿನ ಭಾನುವಾರ ಚರ್ಚಿಗೆ ತನ್ನಿರಿ. ಎಲ್ಲರ ಚೀಟಿಗಳನ್ನು ಕೂಡಿಸಿ ಪುರಸಭೆಗೆ ಒಂದೇ ಅರ್ಜಿ ಕೊಡೋಣ.